ಲೆಕ್ಕಕ್ಕೆ ಸಿಗದ ಊರು

ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎಂದು ಕರೆಯುವ ರೂಢಿ ನಮ್ಮಪ್ಪನ ಕಾಲಕ್ಕಿಂತ ಹಳೆಯದು. ಆ ಮಾತು ಸುಳ್ಳೇನಲ್ಲ. ರೈಲ್ವೆ ಕಾರ್ಯಾಗಾರ, ವಿಶ್ವವಿದ್ಯಾಲಯ, ಸಿಎಫ್‌ಟಿಆರ್‌ಐ, ಬೆಮೆಲ್, ನೋಟು ಮುದ್ರಣಾಲಯ ಇವುಗಳಿಂದ ತಿಂಗಳಿಗೊಮ್ಮೆ ತಪ್ಪದೆ ಬರುವ ದುಡ್ಡಿನ ಮೇಲೆ ಎಷ್ಟೋ ಬಡಾವಣೆಗಳು ಎದ್ದಿವೆ. ಸರಸ್ವತಿಪುರಂ, ಕುವೆಂಪುನಗರದ ಕಡೆ ಬೆಳಿಗ್ಗೆ ವಾಕಿಂಗ್ ಹೊರಟವರ ಮಾತಿಗೆ ಕಿವಿಗೊಟ್ಟರೆ ತುಟ್ಟಿಭತ್ಯೆ, ಅರಿಯರ್ಸ್, ವೇತನ ಆಯೋಗ ಇವೇ ಕೇಳಿಸುತ್ತವೆ. ಆದರೆ ಇದೇ ಮೈಸೂರಿನೊಳಗೆ ಇನ್ನೊಂದು ಊರಿದೆ. ಅರಮನೆಯ ಸುತ್ತ, ಗಾಂಧಿ ಚೌಕದ ಲಾಡ್ಜುಗಳಲ್ಲಿ, ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ, ಮೃಗಾಲಯದ ಎದುರಿನ ತಳ್ಳುಗಾಡಿಗಳಲ್ಲಿ ಅದು ಬದುಕುತ್ತದೆ. ಅಲ್ಲಿ ಒಂದನೇ ತಾರೀಖಿಗೆ ವಿಶೇಷವೇನೂ ಇಲ್ಲ. ಇವತ್ತು ಪಾರ್ಟಿ ಬಂದರೆ ಇವತ್ತು ದುಡ್ಡು, ಇಲ್ಲದಿದ್ದರೆ ನಾಳೆ ನೋಡೋಣ.

ನಾನು ಈ ಎರಡು ಊರುಗಳ ನಡುವೆ ಬೆಳೆದವನು. ಅಪ್ಪ ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದವರು. ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವವನು. ಸಯ್ಯಾಜಿರಾವ್ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ, ಮಹಡಿ ಮೇಲಿನ ಒಂದೇ ಕೋಣೆ ನನ್ನ ಆಫೀಸು. ಜಿಎಸ್‌ಟಿ ತುಂಬುವುದು, ಆದಾಯ ತೆರಿಗೆ ರಿಟರ್ನ್ ಹಾಕುವುದು, ಬ್ಯಾಂಕ್ ಸಾಲಕ್ಕೆ ಕಾಗದ ಜೋಡಿಸಿಕೊಡುವುದು, ಇಷ್ಟು ಕೆಲಸ. ನಾನು ಸಿಎ ಪಾಸಾದವನಲ್ಲ. ಆದರೂ ಆ ಬೀದಿಗಳಲ್ಲಿ ಎಲ್ಲರೂ ನನ್ನನ್ನು 'ಆಡಿಟರ್ ಸಾರ್' ಎಂದೇ ಕರೆಯುತ್ತಾರೆ. ಪುಸ್ತಕ ಹಿಡಿದು ಕೂತವನೆಲ್ಲ ಅವರ ಪಾಲಿಗೆ ಆಡಿಟರೇ. 2020ರ ಮಾರ್ಚ್‌ನಿಂದ ಸುಮಾರು ಎರಡು ವರ್ಷ ಈ ಊರು ಹೇಗೆ ಉಸಿರು ಹಿಡಿದುಕೊಂಡಿತ್ತು ಎಂಬುದನ್ನು ನಾನು ಕಂಡದ್ದು ಆ ಪುಸ್ತಕಗಳ ಮೂಲಕ. ಸರಿಯಾಗಿ ಹೇಳಬೇಕೆಂದರೆ, ಆ ಪುಸ್ತಕಗಳಲ್ಲಿ ಎಂದೂ ನಮೂದಾಗದೆ ಉಳಿದ ಜನರ ಮೂಲಕ.

ಒಬ್ಬ ಪ್ರವಾಸಿಯ ದುಡ್ಡು ನಮ್ಮೂರಲ್ಲಿ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಬೆಳಗಿನ ರೈಲಿಗೆ ಒಂದು ಕುಟುಂಬ ಬಂದು ಇಳಿಯುತ್ತದೆ. ಆಟೋದವನು ಅವರನ್ನು ತನಗೆ ಗೊತ್ತಿರುವ ಲಾಡ್ಜಿಗೆ ಕರೆತರುತ್ತಾನೆ. ರೂಮು ಹಿಡಿದರೆ ಕೌಂಟರಿನ ಪಕ್ಕದಿಂದ ಅವನ ಕೈಗೆ ಒಂದು ನೋಟು ದಾಟುತ್ತದೆ. ತಿಂಡಿ ಮುಗಿಸಿ ಬರುವಷ್ಟರಲ್ಲಿ ರೂಂ ಬಾಯ್ ಟ್ಯಾಕ್ಸಿ ಹೇಳಿರುತ್ತಾನೆ, ಅದರಲ್ಲಿ ಅವನಿಗೊಂದು ಪಾಲು. ಟ್ಯಾಕ್ಸಿಯವನು ಅರಮನೆ ಬಾಗಿಲಲ್ಲಿ ಒಬ್ಬ ಗೈಡಿಗೆ ಪಾರ್ಟಿಯನ್ನು ಒಪ್ಪಿಸುತ್ತಾನೆ. ಅರಮನೆ ನೋಡಿದ ಮೇಲೆ ರೇಷ್ಮೆ ಸೀರೆ ಅಂಗಡಿ, ಗಂಧದೆಣ್ಣೆ ಮತ್ತು ಅಗರಬತ್ತಿ ಅಂಗಡಿ, ಬೀಟೆ ಮರದ ಮೇಲೆ ಇನ್‌ಲೇ ಮಾಡಿದ ಆನೆ, ಅಂಬಾರಿ ಮಾರುವ ಅಂಗಡಿ. ಅಲ್ಲಿ ಬಿಲ್ಲಾದ ಮೊತ್ತದಲ್ಲಿ ಕರೆತಂದವನಿಗೆ ಇಷ್ಟು, ತೋರಿಸಿದವನಿಗೆ ಇಷ್ಟು ಎಂಬ ಮಾತು ಮೊದಲೇ ಆಗಿರುತ್ತದೆ. ಮಕ್ಕಳು ಹಟ ಮಾಡಿದರೆ ಟಾಂಗಾದಲ್ಲಿ ಒಂದು ಸುತ್ತು. ಸಂಜೆ ಕೆ.ಆರ್.ಎಸ್. ಬೃಂದಾವನ, ರಾತ್ರಿ ವಾಪಸು ಬರುವಾಗ ದಾರಿಯ ಹೋಟೆಲಿನಲ್ಲಿ ಡ್ರೈವರಿಗೆ ಪುಕ್ಕಟೆ ಊಟ. ಇಷ್ಟರಲ್ಲಿ ನನ್ನ ಪುಸ್ತಕಕ್ಕೆ ಬರುವುದು ಎರಡೇ ಸಾಲು: ಲಾಡ್ಜಿನ ಬಾಡಿಗೆ, ಅಂಗಡಿಯ ಬಿಲ್ಲು. ಉಳಿದ ಕೈಗಳೆಲ್ಲ 'ಇತರೆ ಖರ್ಚು' ಎಂಬ ಒಂದೇ ಕಾಲಮ್ಮಿನಲ್ಲಿ ಮುಳುಗಿಹೋಗುತ್ತಿದ್ದವು.

ಇದು ಮೋಸ ಎಂದು ಯಾರೂ ತಿಳಿದಿರಲಿಲ್ಲ. ಕಮಿಷನ್ ಎಂದರೆ ಈ ಊರಿನ ಸಂಬಳ. ಸರಸ್ವತಿಪುರದವರು ತಿಂಗಳಿಗೊಮ್ಮೆ ಬ್ಯಾಂಕಿನಿಂದ ತಂದರೆ ಇವರು ದಿನಕ್ಕೆ ನಾಲ್ಕು ಸಲ ಬೇರೆಬೇರೆ ಬಾಗಿಲುಗಳಿಂದ ಪಡೆಯುತ್ತಿದ್ದರು.

ಡಲ್ಲು ಹೊಡೆಯುವುದೂ ಇವರಿಗೆ ಹೊಸದಾಗಿರಲಿಲ್ಲ. ಶಾಲೆ ಶುರುವಾಗುವ ಜೂನ್‌ನಿಂದ ದಸರಾದವರೆಗೆ ಹೇಗೂ ವ್ಯಾಪಾರ ತೆಳು. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ 108 ದಿನ ಊರು ಬಾಡಿಹೋಗಿತ್ತು. ಕಾವೇರಿ ಗಲಾಟೆ ಎದ್ದಾಗಲೆಲ್ಲ ತಮಿಳುನಾಡಿನ ಗಾಡಿಗಳು ನಿಂತುಬಿಡುತ್ತಿದ್ದವು. 2016ರ ಸೆಪ್ಟೆಂಬರಿನಲ್ಲಿ ಆ ಗಲಾಟೆ, ನವೆಂಬರಿನಲ್ಲಿ ನೋಟು ರದ್ದು, ಒಂದರ ಬೆನ್ನಿಗೆ ಒಂದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮೈಸೂರಿಗೆ ಏನೂ ಆಗಿರಲಿಲ್ಲ. ಆದರೆ ಮೈಸೂರು ಮತ್ತು ಕೊಡಗನ್ನು ಒಟ್ಟಿಗೆ ನೋಡಲು ಹೊರಟವರು ಎರಡನ್ನೂ ಬಿಟ್ಟರು. ಇಂಥ ಕಾಲಕ್ಕೆ ಒಂದು ದಾರಿ ಇತ್ತು. ಚಿನ್ನ ಗಿರವಿ ಇಡುವುದು, ಚೀಟಿ ಕೂಗುವುದು, ಅಂಗಡಿಯವರ ಹತ್ತಿರ ಕೈಸಾಲ ತೆಗೆಯುವುದು, ದಸರಾ ಬಂದಾಗ ತೀರಿಸುವುದು. ಡಿಸೆಂಬರಿನ ಶಾಲಾ ಪ್ರವಾಸದ ಬಸ್ಸುಗಳು, ಕೇರಳದ ಪಾರ್ಟಿಗಳು, ಏಪ್ರಿಲ್–ಮೇ ರಜೆ ಉಳಿದ ಬಾಕಿಯನ್ನು ತುಂಬುತ್ತಿದ್ದವು. ಡಲ್ಲಿಗೂ ಒಂದು ಕೊನೆ ಇದೆ ಎಂಬ ಒಂದೇ ನಂಬಿಕೆಯ ಮೇಲೆ ಆ ಸಾಲಗಳೆಲ್ಲ ನಡೆಯುತ್ತಿದ್ದವು.

2020ರ ಮಾರ್ಚ್‌ನಲ್ಲಿ ಆ ನಂಬಿಕೆಯ ಬುಡಕ್ಕೇ ಪೆಟ್ಟು ಬಿತ್ತು. ಕೊರೊನಾ ಸೋಂಕಿನ ಭಯಕ್ಕೆ ಆ ತಿಂಗಳ ಮಧ್ಯದಲ್ಲಿ ಅರಮನೆ, ಮೃಗಾಲಯ ಮುಚ್ಚಿದವು. ಅದೇ ಹೊತ್ತಿಗೆ ಊರಿನ ಒಂದು ಕಡೆ ಹಕ್ಕಿಜ್ವರ ಬೇರೆ ಕಾಣಿಸಿಕೊಂಡಿತ್ತು. 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೆ ದೇಶವೇ ಬಂದ್. ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲಿ ಸೋಂಕು ಹರಡಿದ ಸುದ್ದಿ ಬಂದ ಮೇಲಂತೂ ಮೈಸೂರಿನ ಹೆಸರು ಕೇಳಿದರೇ ಹೊರಗಿನವರು ಹಿಂಜರಿದರು. ಭಾನುವಾರದ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಳ್ಳುತ್ತಿದ್ದ ಅರಮನೆಯ ದೀಪಾಲಂಕಾರ ನಿಂತಿತು. ಆ ಮುಕ್ಕಾಲು ಗಂಟೆಯ ಬೆಳಕಿನಲ್ಲಿ ಕಡಲೆಕಾಯಿ, ಚುರುಮುರಿ, ಬಲೂನು, ಕೊಳಲು ಮಾರುತ್ತಿದ್ದವರ ವಾರದ ಸಂಪಾದನೆಯ ಮುಖ್ಯ ಪಾಲು ಅದರೊಂದಿಗೇ ಹೋಯಿತು.

ನನ್ನ ಹಳೆಯ ಕಕ್ಷಿದಾರರೊಬ್ಬರ ಲಾಡ್ಜ್ ಗಾಂಧಿ ಚೌಕದ ಬಳಿ ಇದೆ. ಹೆಚ್ಚೇನಿಲ್ಲ, ಎರಡು ಮಹಡಿ. ಆಗ ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ರೂಮಿಗೆ ಜಿಎಸ್‌ಟಿ ಇರಲಿಲ್ಲ. ಆದ್ದರಿಂದ ಅಲ್ಲಿನ ಹೆಚ್ಚಿನ ರೂಮುಗಳ ಬಾಡಿಗೆ 999ಕ್ಕೆ ನಿಂತಿತ್ತು. ಬೀಗ ಹಾಕಿದ ಮೊದಲ ವಾರವೇ ರೂಂ ಬಾಯ್‌ಗಳು ಸಿಕ್ಕಿದ ತರಕಾರಿ ಲಾರಿ, ಹಾಲಿನ ವ್ಯಾನು ಹತ್ತಿ ಊರು ಸೇರಿದರು. ಯಜಮಾನರೂ ಅವರ ಮಗನೂ ಸೇರಿ ದಿನ ಬಿಟ್ಟು ದಿನ ಬಂದು ಎಲ್ಲಾ ರೂಮುಗಳ ನಲ್ಲಿ ತಿರುಗಿಸಿ ನೀರು ಬಿಡುತ್ತಿದ್ದರು. ಬಿಡದಿದ್ದರೆ ಪೈಪು ತುಕ್ಕು ಹಿಡಿಯುತ್ತದೆ, ಹಾಸಿಗೆಗೆ ಬೂಷ್ಟು ಬರುತ್ತದೆ. ಮುಚ್ಚಿದ ಲಾಡ್ಜಿಗೂ ಖರ್ಚಿದೆ ಎಂಬುದು ಲೆಕ್ಕ ಬರೆಯುವ ನನಗೆ ಗೊತ್ತಿತ್ತು. ಕರೆಂಟಿನ ನಿಗದಿತ ಶುಲ್ಕ, ಪಾಲಿಕೆಯ ತೆರಿಗೆ, ಟ್ರೇಡ್ ಲೈಸೆನ್ಸ್, ನವೀಕರಣಕ್ಕೆ ತೆಗೆದ ಸಾಲದ ಕಂತು. ಆದಾಯದ ಕಡೆ ಮಾತ್ರ ಸೊನ್ನೆ ಬರೆದು ಮುಂದಿನ ತಿಂಗಳಿಗೆ ಹೋಗುತ್ತಿದ್ದೆ. ರಿಸರ್ವ್ ಬ್ಯಾಂಕ್ ಕಂತಿಗೆ ಮೂರು ತಿಂಗಳು ವಿನಾಯ್ತಿ ಕೊಟ್ಟು, ಆಮೇಲೆ ಅದನ್ನು ಆಗಸ್ಟ್ 31ರವರೆಗೆ ಎಳೆಯಿತು. "ಬಡ್ಡಿಯೂ ನಿಂತಿದೆಯಾ ಆಡಿಟರೇ?" ಎಂದು ಯಜಮಾನರು ಕೇಳಿದರು. ಕಂತು ಮಾತ್ರ ನಿಂತಿದೆ, ಬಡ್ಡಿ ಓಡುತ್ತಲೇ ಇದೆ ಎಂದೆ. ಅವರು ಒಂದು ಕ್ಷಣ ಲೆಕ್ಕ ಹಾಕಿ, "ಹಾಗಾದ್ರೆ ಇದು ವಿನಾಯ್ತಿ ಅಲ್ಲ, ವಾಯಿದೆ" ಅಂದರು. ಮುಂದೆ ದೀಪಾವಳಿ ಹೊತ್ತಿಗೆ ಬಡ್ಡಿಯ ಮೇಲಿನ ಬಡ್ಡಿಯನ್ನು ಸರ್ಕಾರ ಭರಿಸಿದಾಗ ಅವರ ಖಾತೆಗೆ ಬಂದ ಹಣದಲ್ಲಿ ಕಾರಿಡಾರಿನ ಬಲ್ಬುಗಳನ್ನು ಬದಲಾಯಿಸಬಹುದಿತ್ತು.

ಆದರೂ ಯಜಮಾನರಿಗೆ ಒಂದು ವಿಳಾಸವಿತ್ತು. ಸಾಲದ ಖಾತೆ ಇತ್ತು, ಜಿಎಸ್‌ಟಿ ನಂಬರ್ ಇತ್ತು. ಹೊಸ ತುರ್ತು ಸಾಲ ಬೇಕೆಂದರೂ ಅದನ್ನು ಕೇಳಲು ಒಂದು ಬಾಗಿಲಿತ್ತು. ಅವರ ಕೌಂಟರಿನ ಪಕ್ಕದಲ್ಲಿ ನಿಂತು ನೋಟು ಪಡೆಯುತ್ತಿದ್ದವರಿಗೆ ಅದೂ ಇರಲಿಲ್ಲ.

2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಮ್ಮೆಗೆ 5,000 ರೂಪಾಯಿ ಘೋಷಿಸಿತು. ಅರ್ಜಿ ಸೇವಾಸಿಂಧು ಜಾಲತಾಣದಲ್ಲಿ. ನನ್ನ ಆಫೀಸಿನ ಮೆಟ್ಟಿಲ ಮೇಲೆ ಮಾಸ್ಕ್ ಹಾಕಿದವರ ಸಾಲು ಶುರುವಾಯಿತು. ಬ್ಯಾಡ್ಜ್ ಇದೆಯೇ, ಎಫ್‌ಸಿ ಮುಗಿದಿದೆಯೇ, ಆಧಾರಿಗೆ ಬ್ಯಾಂಕ್ ಖಾತೆ ಜೋಡಣೆಯಾಗಿದೆಯೇ? ಕೇಳುತ್ತಾ ಹೋದಂತೆ ಸಾಲು ಎರಡಾಗಿ ಸೀಳಿತು. ಸ್ವಂತ ಗಾಡಿ, ಸರಿಯಾದ ಕಾಗದ ಇದ್ದವರು ಒಂದು ಕಡೆ. ಇನ್ನೊಬ್ಬರ ಗಾಡಿಯನ್ನು ದಿನದ ಬಾಡಿಗೆಗೆ ಓಡಿಸುವವರು, ಬ್ಯಾಡ್ಜ್ ನವೀಕರಿಸದೆ ಬಿಟ್ಟವರು, ಖಾತೆಯೇ ಇಲ್ಲದವರು ಇನ್ನೊಂದು ಕಡೆ. ಟಿಟಿ, ಇನ್ನೋವಾ ಇಟ್ಟುಕೊಂಡಿದ್ದ ಕೆಲವರು ಬೇರೊಂದು ಕೆಲಸಕ್ಕೆ ಬಂದರು. ಮೂರು ತಿಂಗಳಿಗೊಮ್ಮೆ ಕಟ್ಟಬೇಕಾದ ರಸ್ತೆ ತೆರಿಗೆ ತಪ್ಪಿಸಿಕೊಳ್ಳಲು ಗಾಡಿಯ ದಾಖಲೆಗಳನ್ನು ಆರ್‌ಟಿಒಗೆ ಸರೆಂಡರ್ ಮಾಡುವುದು. ಸರೆಂಡರ್ ಮಾಡಿದ ಮೇಲೆ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಜೂನ್‌ನಲ್ಲಿ ಅಪರೂಪಕ್ಕೆ ಒಂದು ಬಾಡಿಗೆ ಸಿಕ್ಕಾಗ ಅದನ್ನು ಬಿಟ್ಟುಕೊಟ್ಟವರನ್ನೂ ನೋಡಿದೆ. ಒಂದು ಬಾಡಿಗೆಗೋಸ್ಕರ ಮೂರು ತಿಂಗಳ ತೆರಿಗೆ ಕಟ್ಟುವವರು ಯಾರು?

ಟಾಂಗಾದವರ ಕಥೆ ಇನ್ನೂ ಬೇರೆ. ಟಾಂಗಾ ಮೋಟಾರು ವಾಹನವಲ್ಲ. ಆದ್ದರಿಂದ ಅದನ್ನು ಓಡಿಸುವವರು ಆಟೋ–ಟ್ಯಾಕ್ಸಿ ಚಾಲಕರ ಪಟ್ಟಿಗೆ ಬರುವುದಿಲ್ಲ. ನಮ್ಮ ಗಲ್ಲಿಯ ತುದಿಯಲ್ಲಿ ಗಾಡಿ ನಿಲ್ಲಿಸುತ್ತಿದ್ದ ಒಬ್ಬ ಹಿರಿಯ ಸಾಹೇಬರು ನನ್ನ ಹತ್ತಿರ ಬಂದು ಆ ಅರ್ಜಿಯನ್ನು ಎರಡು ಸಲ ಓದಿಸಿಕೊಂಡರು. "ಇದರಲ್ಲಿ ಕುದುರೆ ಅಂತ ಎಲ್ಲೂ ಇಲ್ವಾ ಸಾರ್?" ಎಂದರು. ಇಲ್ಲ ಸಾಹೇಬ್ರೇ, ಎಂಜಿನ್ ನಂಬರ್ ಕೇಳ್ತಿದೆ ಎಂದೆ. ಇಬ್ಬರೂ ನಕ್ಕೆವು. ನಗುವಂಥ ಮಾತೇನೂ ಆಗಿರಲಿಲ್ಲ. ಆಟೋವನ್ನು ಮನೆ ಮುಂದೆ ನಿಲ್ಲಿಸಿದರೆ ಅದು ಪೆಟ್ರೋಲು ಕೇಳುವುದಿಲ್ಲ. ಕುದುರೆಗೆ ದಿನ ಬೆಳಗಾದರೆ ಹುರುಳಿ, ಬೂಸಾ, ಹುಲ್ಲು ಬೇಕು, ಕಟ್ಟಿಹಾಕಿದರೆ ಕಾಲು ಹಿಡಿಯುತ್ತದೆ ಎಂದು ಓಡಾಡಿಸಲೂ ಬೇಕು. ಕೆಲವರು ದಾನಿಗಳು ಮೇವು ತಂದುಕೊಟ್ಟರು. ಅದು ಮುಗಿದಾಗ ಸಾಹೇಬರು ತಮ್ಮ ಎರಡು ಕುದುರೆಗಳಲ್ಲಿ ಒಂದನ್ನು ಮಾರಿದರು. ಯಾರಿಗೆ, ಎಷ್ಟಕ್ಕೆ ಎಂದು ನಾನು ಕೇಳಲಿಲ್ಲ.

ಇದೇ ಊರಿನಲ್ಲಿ ಇನ್ನೊಂದು ಕಡೆ ಪ್ರಾಣಿಗಳ ಹೊಟ್ಟೆಯ ಲೆಕ್ಕ ಪೈಸೆ ಪೈಸೆಯಾಗಿ ಬರೆದಿಟ್ಟಿತ್ತು. 1892ರಲ್ಲಿ ಶುರುವಾದ ನಮ್ಮ ಮೃಗಾಲಯ ಬಹುಮಟ್ಟಿಗೆ ಟಿಕೆಟ್ಟಿನ ದುಡ್ಡಿನಲ್ಲೇ ನಡೆಯುವ ಸಂಸ್ಥೆ. ಬಾಗಿಲು ಮುಚ್ಚಿದರೆ ಆನೆ, ಹುಲಿ, ಜಿರಾಫೆಗಳ ಮೇವಿಗೇ ತತ್ವಾರ. ಆದರೆ ಅವಕ್ಕೆ ಹೆಸರಿತ್ತು, ವರ್ಷಕ್ಕೆ ಎಷ್ಟು ಖರ್ಚು ಎಂಬ ದರಪಟ್ಟಿ ಇತ್ತು, ದತ್ತು ಕೊಡುವ ಪದ್ಧತಿ ಇತ್ತು. 2020ರಲ್ಲಿ ಜಿಲ್ಲಾ ಉಸ್ತುವಾರಿ ಸಚಿವರೇ ದೇಣಿಗೆ ಕೂಡಿಸಿಕೊಟ್ಟರು. 2021ರ ಜೂನ್‌ನಲ್ಲಿ ನಟ ದರ್ಶನ್ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿ ಎಂದು ಕೇಳಿದ ಕೆಲವೇ ದಿನಗಳಲ್ಲಿ ರಾಜ್ಯದ ಮೃಗಾಲಯಗಳಿಗೆ ಜನ ಕೋಟಿಗೂ ಮೀರಿ ಕೊಟ್ಟರು. ನಾನೂ ಮಗಳ ಹೆಸರಿನಲ್ಲಿ ಒಂದು ಸಣ್ಣ ಹಕ್ಕಿಗೆ ದುಡ್ಡು ಕಟ್ಟಿದೆ. ರಸೀದಿ ಬಂತು, ತೆರಿಗೆ ವಿನಾಯ್ತಿಯೂ ಸಿಕ್ಕಿತು. ಅದು ತಪ್ಪಲ್ಲ, ಬೇಕಾದ ಕೆಲಸವೇ. ಆದರೆ ಮೃಗಾಲಯದ ಗೋಡೆಯಿಂದ ಹೊರಗೆ ನಿಂತಿದ್ದ ಕುದುರೆಗೆ ದರಪಟ್ಟಿ ಬರೆದವರು ಯಾರೂ ಇರಲಿಲ್ಲ. ನಮ್ಮ ಜನ ಕೊಡಲು ಹಿಂಜರಿಯುವವರಲ್ಲ. ಯಾರಿಗೆ, ಎಷ್ಟು ಎಂಬ ಪಟ್ಟಿ ಕಣ್ಣ ಮುಂದಿರಬೇಕು, ಅಷ್ಟೆ.

ಪಿಂಚಣಿಯ ಊರಿಗೂ ಬಿಸಿ ತಟ್ಟಲಿಲ್ಲವೆಂದೇನಿಲ್ಲ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನೌಕರರ ಮತ್ತು ಪಿಂಚಣಿದಾರರ ತುಟ್ಟಿಭತ್ಯೆಯ ಏರಿಕೆಯನ್ನು ಮುಂದಿನ ವರ್ಷದ ಜೂನ್‌ವರೆಗೆ ತಡೆಹಿಡಿಯಿತು. ಅಪ್ಪ ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಪಿಂಚಣಿ ಪುಸ್ತಕದೊಳಗೆ ಇಟ್ಟುಕೊಂಡರು. ಸಂಜೆ ಗೆಳೆಯರೊಡನೆ ಫೋನಿನಲ್ಲಿ ಇದೇ ಮಾತು. ಒಂದು ದಿನ ನಾನು ರೇಗಿಬಿಟ್ಟೆ. "ಅಪ್ಪಾ, ನಿಮಗೆ ಏರಿಕೆ ನಿಂತಿದೆ, ಅಲ್ಲಿ ಜನಕ್ಕೆ ಬರೋದೇ ನಿಂತಿದೆ" ಎಂದೆ. ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. "ನಾವು ಸಿಕ್ಕಿದ್ದಕ್ಕೆ ಸುಮ್ಮನಿದ್ದಿದ್ರೆ ಈ ಪಿಂಚಣಿನೂ ಇರ್ತಿರಲಿಲ್ಲ ಕಣಪ್ಪ. ಯೂನಿಯನ್ ಇತ್ತು, ಕೇಳಿದ್ವಿ. ಅವರಿಗೆ ಕೇಳೋಕೆ ಯಾರಿದ್ದಾರೆ?" ಎಂದರು. ಮೂವತ್ತು ವರ್ಷ ಕಾರ್ಯಾಗಾರದ ಸೈರನ್ ಕೇಳಿ ಬದುಕಿದವರ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ಊರುಗಳು ಒಂದರೊಳಗೊಂದು ಹೆಣೆದುಕೊಂಡಿದ್ದ ಜಾಗವೆಂದರೆ ಗೋಕುಲಂ. ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಬರುತ್ತಿದ್ದ ವಿದೇಶಿಯರಿಂದ ಆ ಬಡಾವಣೆಯ ಚಹರೆಯೇ ಬದಲಾಗಿತ್ತು. ಬೆಳಗಿನ ಜಾವ ಚಾಪೆ ಸುತ್ತಿಕೊಂಡು ಸ್ಕೂಟರಿನಲ್ಲಿ ಹೋಗುವವರು, ಕ್ಲಾಸು ಮುಗಿದ ಮೇಲೆ ಎಳನೀರು ಗಾಡಿಯ ಸುತ್ತ ನಿಂತು ಹರಟುವವರು. ನಿವೃತ್ತ ಪ್ರೊಫೆಸರರು, ಎಂಜಿನಿಯರರು ಮಹಡಿಯನ್ನು ಮಂಚ, ಫ್ರಿಜ್ಜು ಸಮೇತ ಸೀಸನ್ನಿಗೆ ಕೊಡುತ್ತಿದ್ದರು. ವರ್ಷದ ಬಾಡಿಗೆಯನ್ನು ಕೆಲವೇ ತಿಂಗಳಲ್ಲಿ ತಂದುಕೊಡುವ ಬಾಡಿಗೆದಾರರು ಅವರು. 2020ರ ಮಾರ್ಚ್‌ನಲ್ಲಿ ಅವರೆಲ್ಲ ಸಿಕ್ಕ ವಿಮಾನ ಹಿಡಿದು ಹೋದರು. ಮನೆ ಮಾಲೀಕರಿಗೆ ಆದ ನಷ್ಟ ನಿಜ. ಆದರೆ ಅವರ ಪಿಂಚಣಿ ನಿಂತಿರಲಿಲ್ಲ. ಕೆಲಸದ ಹೆಂಗಸರು, ಸ್ಕೂಟರ್ ಬಾಡಿಗೆಗೆ ಕೊಡುತ್ತಿದ್ದ ಹುಡುಗರು, ಡಬ್ಬಿ ಊಟ ಕಟ್ಟುತ್ತಿದ್ದ ಮನೆಗಳು, ಸಂಸ್ಕೃತ ಶ್ಲೋಕ ಹೇಳಿಕೊಡುತ್ತಿದ್ದ ಮೇಷ್ಟ್ರುಗಳು ಇವರಿಗೆ ಅದೊಂದೇ ಆಧಾರವಾಗಿತ್ತು. ಒಬ್ಬ ಮೇಷ್ಟ್ರು ಆನ್‌ಲೈನಿನಲ್ಲಿ ಪಾಠ ಶುರುಮಾಡಿ ಡಾಲರಿನಲ್ಲಿ ಫೀಸು ಪಡೆದರು, ಅದರ ತೆರಿಗೆ ಲೆಕ್ಕಕ್ಕೆ ನನ್ನ ಬಳಿಗೆ ಬಂದರು. ಅವರ ಮನೆ ಕೆಲಸದಾಕೆಗೆ ಆನ್‌ಲೈನಿನಲ್ಲಿ ಪಾತ್ರೆ ತೊಳೆಯುವ ದಾರಿ ಇರಲಿಲ್ಲ.

ಜೂನ್ 8ಕ್ಕೆ ಮೃಗಾಲಯದ ಬಾಗಿಲು ತೆರೆಯಿತು. ಜನ ಬರಲಿಲ್ಲ. ಎಲ್ಲರ ಕಣ್ಣೂ ದಸರಾದ ಮೇಲೆ ನೆಟ್ಟಿತು. ಗಾಂಧಿ ಚೌಕದ ಲಾಡ್ಜಿಗೆ ದಸರಾ ಎಂದರೆ ಹಬ್ಬವಲ್ಲ, ವರ್ಷದ ಬಡ್ಡಿ ಕಟ್ಟುವ ಹತ್ತು ದಿನ. ಆ ವರ್ಷ ಅಕ್ಟೋಬರ್ 17ರಂದು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ದಸರಾ ಉದ್ಘಾಟಿಸಿದರು. 26ರಂದು ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ ಲಕ್ಷಾಂತರ ಜನ ನಿಲ್ಲುತ್ತಿದ್ದ ಮೆರವಣಿಗೆಗೆ ಮುನ್ನೂರು ಜನರ ಮಿತಿ. ಅಭಿಮನ್ಯು ಆನೆ ಮೊದಲ ಸಲ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ವರ್ಷ ಅದು. ಅದನ್ನು ನಾವೂ ಟಿವಿಯಲ್ಲೇ ನೋಡಿದೆವು, ಆನೆ ನಡೆದ ಜಾಗಕ್ಕೂ ನಮ್ಮ ಮನೆಗೂ ಎರಡು ಮೈಲಿ ಇರಲಿಲ್ಲ. ದೊಡ್ಡಕೆರೆ ಮೈದಾನದಲ್ಲಿ ವಸ್ತುಪ್ರದರ್ಶನ ನಡೆಯಲಿಲ್ಲ. ಜಾತ್ರೆಯಿಂದ ಜಾತ್ರೆಗೆ ಹೋಗುವ ತೊಟ್ಟಿಲು, ಹಪ್ಪಳ, ಬಜ್ಜಿಯವರು ಮೈಸೂರಿಗೆ ಬರಲೇ ಇಲ್ಲ. ಸಂಪ್ರದಾಯ ತಪ್ಪಲಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು. ದೇವಿಗೆ ಸಲ್ಲಬೇಕಾದ್ದು ಸಂದಿತ್ತು. ರಸ್ತೆಯ ಎರಡೂ ಬದಿಗೆ ಸಲ್ಲಬೇಕಾದ್ದು ಬಾಕಿ ಉಳಿಯಿತು.

ಆಮೇಲೆ ಡಿಸೆಂಬರ್, ಜನವರಿಯಲ್ಲಿ ಊರು ಸ್ವಲ್ಪ ಚೇತರಿಸಿಕೊಂಡಿತು. ಬೆಂಗಳೂರಿನ ಕಾರುಗಳು ಬಂದವು. ಆದರೆ ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಲಾಡ್ಜಿಗೇನು ಲಾಭ? ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ ಆರ್‌ಟಿಪಿಸಿಆರ್ ವರದಿ ಕಡ್ಡಾಯವಾಯಿತು, ಆ ಪಾರ್ಟಿಗಳೂ ನಿಂತವು. ಏಪ್ರಿಲ್ 27ರಿಂದ ರಾಜ್ಯಕ್ಕೆ ಮತ್ತೆ ಬೀಗ. ಉಳಿದ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕ ಮೇಲೂ ಸೋಂಕಿನ ಪ್ರಮಾಣ ಇಳಿಯದ ಮೈಸೂರು ಕಾಯಬೇಕಾಯಿತು. ಮೊದಲ ಅಲೆಯಲ್ಲಿ ಜನ ಒಡವೆ ಇಟ್ಟಿದ್ದರು. ಎರಡನೆಯದಕ್ಕೆ ಇಡಲು ಏನೂ ಉಳಿದಿರಲಿಲ್ಲ. ಕಸುಬುಗಳು ಕೈ ಬಿಟ್ಟದ್ದು ಆಗ. ಬೀಟೆ ಮರದಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಗೆರೆ ಕೊರೆದು ಇನ್‌ಲೇ ಕೂರಿಸುತ್ತಿದ್ದ ಒಬ್ಬರು ಗೋಡೆಗೆ ಪೇಂಟ್ ಹೊಡೆಯಲು ಹೋದರು. ದಿನಗೂಲಿ ಕೈಗೆ ಬರುತ್ತದೆ, ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಿದರೆ ಸರ್ಕಾರದ ಸಹಾಯವೂ ಸಿಗುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕ ಸರಿಯಾಗಿತ್ತು. ಇಂಗ್ಲಿಷ್, ಹಿಂದಿ, ಸ್ವಲ್ಪ ಫ್ರೆಂಚ್ ಮಾತಾಡುತ್ತಿದ್ದ ಗೈಡೊಬ್ಬರು ಔಷಧಿ ಅಂಗಡಿಯ ಕೌಂಟರಿಗೆ ಹೋದರು. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ಸುಟ್ಟದ್ದು, ಹೆನ್ರಿ ಇರ್ವಿನ್ ಹೊಸದನ್ನು ಕಟ್ಟಿದ್ದು, 1912ಕ್ಕೆ ಅದು ಮುಗಿದದ್ದು ಇದನ್ನೆಲ್ಲ ಅವರು ಹೇಳಿದರೆ ನಾವು ಊರಿನವರೂ ನಿಂತು ಕೇಳುತ್ತಿದ್ದೆವು.

ಆ ಗೈಡಿನ ಜೊತೆ ನಡೆದ ಒಂದು ಮಾತುಕತೆ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. 2021ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ ಮಾನ್ಯತೆ ಪಡೆದ ಪ್ರವಾಸಿ ಮಾರ್ಗದರ್ಶಿಗಳಿಗೆ ಒಂದು ಲಕ್ಷ ರೂಪಾಯಿವರೆಗೆ, ಪ್ರವಾಸ ಸಂಸ್ಥೆಗಳಿಗೆ ಹತ್ತು ಲಕ್ಷದವರೆಗೆ ಖಾತರಿ ಸಾಲ ಘೋಷಿಸಿತು. ಇವರಿಗೆ ಇಲಾಖೆಯ ಗುರುತಿನ ಚೀಟಿ ಇತ್ತು. ಅರ್ಜಿ ಹಾಕೋಣ ಎಂದೆ. ಆದಾಯಕ್ಕೆ ದಾಖಲೆ? ಇರಲಿಲ್ಲ. ಇಪ್ಪತ್ತು ವರ್ಷ ದುಡಿದವರು ಒಮ್ಮೆಯೂ ರಿಟರ್ನ್ ಹಾಕಿರಲಿಲ್ಲ. ಯಾಕೆ ಸಾರ್ ಎಂದು ಕೇಳಿದೆ. "ಬರೆದಿಟ್ಟರೆ ತೆರಿಗೆ ಕೇಳ್ತಾರೆ ಅಂತ ಹೆದರಿಕೆ ಆಡಿಟರೇ. ಈಗ ಬರೆದಿಟ್ಟಿಲ್ಲ ಅಂತ ಸಾಲ ಕೊಡಲ್ಲ. ಎರಡರಲ್ಲೂ ನಾವೇ ಕಳ್ಳರು" ಎಂದರು. ಆಮೇಲೆ ತಾವೇ ನಕ್ಕು, "ಹೋಗಲಿ ಬಿಡಿ, ಸಾಲ ತಗೊಂಡು ಯಾವ ಪಾರ್ಟಿನ ಕರ್ಕೊಂಡು ಬರಲಿ?" ಎಂದು ಎದ್ದರು.

ಅವರ ಆದಾಯ ತೆರಿಗೆಯ ಮಿತಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ರಿಟರ್ನ್ ಹಾಕಿದ್ದರೆ ಒಂದು ಪೈಸೆ ಕಟ್ಟಬೇಕಾಗುತ್ತಿರಲಿಲ್ಲ. ಈ ಭಯ ಅವರೊಬ್ಬರದಲ್ಲ, ಇಡೀ ಬೀದಿಯದು. ಟಿಕೆಟ್ಟು ಎಣಿಸಿ ಅರಮನೆಗೆ ಎಷ್ಟು ಜನ ಬಂದರು ಎಂದು ಹೇಳುವುದು ಸುಲಭ. ಆ ಬಂದವರನ್ನು ನಂಬಿ ಎಷ್ಟು ಮನೆಯ ಒಲೆ ಉರಿಯುತ್ತದೆ ಎಂದು ಹೇಳಲು ಕಾಗದವೇ ಇಲ್ಲ. ಊರು ನಿಂತಾಗ ಪರಿಹಾರ ಹಸಿವನ್ನು ಹುಡುಕಿಕೊಂಡು ಹೋಗಲಿಲ್ಲ, ದಾಖಲೆ ಇದ್ದ ಬಾಗಿಲುಗಳನ್ನು ಹುಡುಕಿಕೊಂಡು ಹೋಯಿತು. ಹಾಗೆ ಹೋಗುವುದು ಸರ್ಕಾರದ ಸ್ವಭಾವ. ಅದನ್ನು ಬೈದು ಕೂರುವುದಕ್ಕಿಂತ ಬಾಗಿಲಿಗೊಂದು ನಂಬರು ಬರೆಸುವುದು ಒಳ್ಳೆಯದು ಅನ್ನಿಸಿತು. ಅಪ್ಪ ಹೇಳಿದ ಯೂನಿಯನ್ ಕಟ್ಟುವುದು ನನ್ನ ಕೈಲಾಗದ ಕೆಲಸ. ಪುಸ್ತಕ ಬರೆಯುವುದು ಗೊತ್ತಿದ್ದ ಕೆಲಸ.

2022ರಲ್ಲಿ ಪ್ರವಾಸಿಗಳು ಮರಳಿದರು. ಸೆಪ್ಟೆಂಬರ್ 26ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ದಸರಾ ಉದ್ಘಾಟಿಸಿದಾಗ ಊರು ಕಿಕ್ಕಿರಿದಿತ್ತು. ಜಂಬೂ ಸವಾರಿ ಮತ್ತೆ ಬನ್ನಿಮಂಟಪದವರೆಗೆ ನಡೆಯಿತು. ಅದಕ್ಕೆ ಎರಡು ತಿಂಗಳು ಮೊದಲು, ಜುಲೈ 18ರಿಂದ, ಸಾವಿರ ರೂಪಾಯಿ ಒಳಗಿನ ರೂಮುಗಳಿಗೂ 12% ಜಿಎಸ್‌ಟಿ ಬಂದಿತ್ತು. ಲಾಡ್ಜಿನ ಯಜಮಾನರು ಆ ಸುತ್ತೋಲೆ ಹಿಡಿದು ನನ್ನ ಮುಂದೆ ಕೂತರು. "ಎರಡು ವರ್ಷ ನಾವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಕೊನೆಗೂ ಕಂಡ್ವಿ ನೋಡಿ" ಎಂದರು. ಬೇಸರ ಮುಗಿದ ಮೇಲೆ ನಾನು ನನ್ನ ಷರತ್ತು ಹೇಳಿದೆ. ಹೇಗೂ ಎಲ್ಲಾ ರೂಮಿಗೂ ಬಿಲ್ಲು ಹರಿಯಬೇಕು, ಕಮಿಷನ್ನಿಗೂ ಒಂದು ಪುಸ್ತಕ ಇಡಿ. ಯಾರು, ಯಾವತ್ತು, ಎಷ್ಟು, ಒಂದು ಸಹಿ. 'ಇತರೆ ಖರ್ಚು' ಇನ್ನು ಬೇಡ.

ಆಟೋದವರು ಮೊದಮೊದಲು ಸಹಿ ಹಾಕಲು ಒಪ್ಪಲಿಲ್ಲ. ಕೆಲವರು ಪಕ್ಕದ ಲಾಡ್ಜಿಗೆ ಪಾರ್ಟಿ ಕರೆದೊಯ್ದರು. ಯಜಮಾನರು ನನ್ನನ್ನು ಬೈದುಕೊಂಡೇ ಪುಸ್ತಕ ಮುಂದುವರಿಸಿದರು. ಮರುವರ್ಷ ಅವರಲ್ಲೊಬ್ಬ ಚಾಲಕ ಹೊಸ ಆಟೋ ಸಾಲಕ್ಕೆಂದು ಆ ಪುಸ್ತಕದ ಹಾಳೆಗಳ ಜೆರಾಕ್ಸ್ ಮಾಡಿಸಿಕೊಂಡು ಬ್ಯಾಂಕಿಗೆ ಹೋದ. ಇದೆಲ್ಲ ದಾಖಲೆ ಅಲ್ಲ ಎಂದು ಅಲ್ಲಿ ವಾಪಸು ಕಳಿಸಿದರು. ಅವನು ನೇರ ನನ್ನ ಮೆಟ್ಟಿಲು ಹತ್ತಿದ. ಅದೇ ಹಾಳೆಗಳನ್ನು ಇಟ್ಟುಕೊಂಡು, ಉಳಿದ ಬಾಡಿಗೆಯ ಲೆಕ್ಕ ಅವನ ಬಾಯಿಂದಲೇ ಕೇಳಿ ಬರೆದು, ಸೊನ್ನೆ ತೆರಿಗೆಯ ರಿಟರ್ನ್ ಒಂದು ಹಾಕಿದೆ. ಮುಂದಿನ ವರ್ಷ ಇನ್ನೊಂದು. ಎರಡನೆಯ ರಿಟರ್ನಿಗೆ ಸಾಲ ಸಿಕ್ಕಿತು. ಈಗ ಜುಲೈ ಬಂದರೆ ನನ್ನ ಮೆಟ್ಟಿಲ ಮೇಲೆ ತೆರಿಗೆ ಕಟ್ಟಬೇಕಿಲ್ಲದವರ ಸಾಲು ಉದ್ದವಾಗುತ್ತದೆ. ಫೀಸು ಹೆಚ್ಚು ಹುಟ್ಟುವುದಿಲ್ಲ. ಟಾಂಗಾದ ಸಾಹೇಬರದ್ದು ಮಾತ್ರ ಇನ್ನೂ ಆಗಿಲ್ಲ. ಕುದುರೆಯನ್ನು ಯಾವ ಕಾಲಮ್ಮಿನಲ್ಲಿ ತೋರಿಸಬೇಕು ಎಂದು ನಾವಿಬ್ಬರೂ ಇನ್ನೂ ವಾದ ಮಾಡುತ್ತಿದ್ದೇವೆ.